ಬಾಲವಿದ್ದ ಕೂಸು

ವಡಗಾವಿಯ ಓಣಿಯಲ್ಲಿ ಬೆಳಗಿನಿಂದಲೇ ಮಗ್ಗಗಳ ಸದ್ದು. ಕೂಸಿಗೆ ನೀರೆರೆಯಲು ಕೂತ ಪೂರ್ಣಿಮಾ ಬಟ್ಟೆ ಬಿಚ್ಚಿದವಳೇ ಚೀರಿದಳು. ಮಗನ ಬೆನ್ನಿನ ತುದಿಯಲ್ಲಿ ಹುಟ್ಟಿನಿಂದಲೇ ಕಿರುಬೆರಳಿನಷ್ಟು ಬಾಲವಿತ್ತು. ಇವತ್ತು ನೋಡಿದರೆ ಅದರ ಬುಡಕ್ಕೆ ಯಾರೋ ರೇಷ್ಮೆ ಎಳೆ ಬಿಗಿದಿದ್ದರು. ಬಾಲ ನೀಲಿಗಟ್ಟಿತ್ತು.

“ಅತ್ತಿ, ಇದೇನ್ರಿ ಇದು?”

“ನಿನ್ನೆ ನಾನ ಕಟ್ಟೇನಿ,” ಎಂದರು ಗಂಗಾದೇವಿ. “ಎಳಿ ಕಟ್ಟಿದ್ರ ನರೂಲಿ ಉದುರೂದಿಲ್ಲೇನು? ನಾಳೆ ತೊಟ್ಲಾಗ ಹಾಕೂದೈತಿ. ಬಂದವರು ನೋಡಿದ್ರ ಮಂಗ್ಯಾ ಹುಟ್ಟೈತಿ ಅಂತಾರ. ಸಾಯೂತನಕಾ ಅದ ಹೆಸರು ಇವಗ!”

ಕೆಟ್ಟ ಮನಸ್ಸಲ್ಲ ಪಾಪ, ಹೆದರಿಕೆ. ಹೆದರಿದವರ ಕೈಗೆ ಬುದ್ಧಿ ಎಲ್ಲಿಂದ ಬರಬೇಕು? ಎಳೆಯ ಗಂಟು ಬಾವಿನೊಳಗೆ ಹೂತುಹೋಗಿತ್ತು. ಕೂಸಿನ ಮೈ ಸುಡುತ್ತಿತ್ತು, ಅತ್ತೂ ಅತ್ತೂ ದನಿ ಬಿದ್ದಿತ್ತು. ಪೂರ್ಣಿಮಾಳ ಗಂಡ ಈರಣ್ಣ ಮಗ್ಗ ಬಿಟ್ಟು ಆಟೋ ತರಲು ಓಡಿದ.

ಆಸ್ಪತ್ರೆಯಲ್ಲಿ ಡಾಕ್ಟರ್ ಪದ್ಮಶ್ರೀ ಎಳೆ ಕತ್ತರಿಸಿ ಮುಖ ಗಂಟಿಕ್ಕಿದರು. “ಇದರ ಬೇರು ಬೆನ್ನಹುರಿತನಕ ಹೋಗಿರಬಹುದು. ನಂಜು ಅಲ್ಲಿಗೆ ಏರಿದ್ರ ಕಾಲು ಹೋಗತಾವ್ರಿ, ಜೀವಾನೂ ಹೋಗಬಹುದು. ಸ್ಕ್ಯಾನ್ ಮಾಡೂಣು.”

ಗಂಗಾದೇವಿ ಗೋಡೆ ಹಿಡಿದು ಕುಸಿದರು. “ಯಾವ ಪಾಪಕ್ಕ ಬಂತ್ರೀ ಇದು ನಮ್ಮ ಮನಿಗೆ?”

“ಪಾಪ ಅಲ್ಲ, ಅಜ್ಜಿ. ಮನುಷ್ಯಾ ಮನುಷ್ಯಾ ಆಗೂಕಿಂತ ಎಷ್ಟೋ ಮೊದಲ, ನಮ್ಮ ಹಿರೀಕರ ಹಿರೀಕರಿಗೆ ಬಾಲ ಇತ್ತು. ಅದು ಹೋಗಿ ಕೋಟ್ಯಂತರ ವರ್ಷ ಆತು. ಆದ್ರೂ ತಾಯಿ ಹೊಟ್ಟ್ಯಾಗ ಎಲ್ಲಾ ಕೂಸಿಗೂ ಮೊದಲ ಬಾಲ ಮೂಡತದ, ಆಮ್ಯಾಲೆ ಕರಗತದ. ನನಗೂ ಇತ್ತು, ನಿಮಗೂ ಇತ್ತು. ಇವಂದು ಪೂರ್ತಿ ಕರಗಿಲ್ಲ, ಅಷ್ಟ.”

ಸ್ಕ್ಯಾನ್ ಕೋಣೆಯ ಬಾಗಿಲು ಮುಚ್ಚಿತು. ಹೊರಗೆ ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಳಗಿಂದ ಅಳು ಕೇಳಿದರೂ ಜೀವ ಹಾರುತ್ತಿತ್ತು, ಅಳು ನಿಂತರಂತೂ ಇನ್ನೂ ಹೆಚ್ಚು. ಕಡೆಗೆ ಡಾಕ್ಟರು ಬಂದು, “ಬೇರು ಹುರಿಗೆ ತಾಗೇತಿ, ಆದ್ರ ನಂಜು ಏರಿಲ್ಲ. ಜ್ವರ ಇಳಿದ ಮ್ಯಾಲೆ ಆಪರೇಷನ್ ಮಾಡೂಣು,” ಎಂದರು. ಪೂರ್ಣಿಮಾ ಬಿಕ್ಕಿ ಬಿಕ್ಕಿ ಅತ್ತಳು.

ಅವಳು ಬೆಂಚಿನ ಮೇಲೆ ಕೂಸಿನ ಬಟ್ಟೆ ಸರಿಮಾಡುವಾಗ, ಪಕ್ಕದಲ್ಲಿದ್ದ ಖಾನಾಪುರದ ಬಾಣಂತಿ ಶೀತಲ ಕಣ್ಣು ಅಗಲಿಸಿದಳು. “ಅಗಬಾಯಿ! ಬಾಲ!” ಎಂದವಳೇ ತನ್ನ ಕೂಸನ್ನು ಆಚೆ ಸರಿಸಿಕೊಂಡಳು. ಪೂರ್ಣಿಮಾ ಅವಸರದಿಂದ ಸೆರಗು ಮುಚ್ಚಲು ಹೋದಳು. ಗಂಗಾದೇವಿ ಅವಳ ಕೈ ಹಿಡಿದರು.

“ಬಿಡವಾ, ನೋಡಲಿ,” ಎಂದು ಶೀತಲಳ ಕಡೆ ತಿರುಗಿದರು. “ಹೌದವಾ, ಬಾಲ ಐತಿ. ಅವ್ವನ ಹೊಟ್ಟ್ಯಾಗ ನಿನಗೂ ಇತ್ತಂತ, ನನಗೂ ಇತ್ತಂತ. ಮಂದಿಗೆ ಹೆದರಿ ಎಳಿ ಬಿಗದು ಮೊಮ್ಮಗನ್ನ ಕೊಲ್ಲಾಕ ಹೊಂಟಿದ್ದೆ ನಾ.”

ಶೀತಲಳ ಮುಖ ಬಿಳಿಚಿತು. ತನ್ನ ಕೂಸಿನ ಎಡಗೈಗೆ ಹಾಕಿದ್ದ ಬಟ್ಟೆಯ ಗವಸು ಎಳೆದು ತೆಗೆದಳು. ಆರನೇ ಬೆರಳಿಗೆ ಕುದುರೆ ಕೂದಲು ಬಿಗಿದಿತ್ತು. ಬೆರಳು ಕಪ್ಪಾಗಿತ್ತು.

“ಡಾಕ್ಟರಿಗೆ ಬರೇ ಕೆಮ್ಮು ಅಂತ ಹೇಳೇನ್ರಿ,” ಎಂದಳು. “ಇದನ್ನ ತೋರಸಾಕ ಹೆದರಿಕಿ ಆತ್ರಿ.”

ಗಂಗಾದೇವಿ ಆ ಕೂಸನ್ನು ಎದೆಗೊತ್ತಿಕೊಂಡು, ಸರದಿ ಗಿರದಿ ನೋಡದೆ, ಡಾಕ್ಟರ ಕೋಣೆಗೆ ನುಗ್ಗಿದರು.