ಎದುರು ಸಾಲಿನ ಮಳಿಗೆ

ತಿಪಟೂರಿನ ಆ ಅಂಗಡಿ ಬೀದಿಯಲ್ಲಿ ಎದುರುಬದುರಾಗಿ ಎರಡು ಸಾಲು ಮಳಿಗೆಗಳಿದ್ದವು. ಎರಡಕ್ಕೂ ಬೆಂಗಳೂರಿನ ಬೇರೆ ಬೇರೆ ಕಂಪನಿಗಳು ಒಡೆಯರು. ಒಬ್ಬರು ಬಾಡಿಗೆ ಏರಿಸಿದರೆ ಅಂಗಡಿಯವರು ಗಂಟುಮೂಟೆ ಕಟ್ಟಿ ರಸ್ತೆ ದಾಟುತ್ತಿದ್ದರು. ಆ ಭಯಕ್ಕೇ ಇಬ್ಬರೂ ಹದ್ದುಬಸ್ತಿನಲ್ಲಿದ್ದರು. ಕೊಬ್ಬರಿ ವ್ಯಾಪಾರದ ಕರಿಬಸವಯ್ಯನೂ ಹಾಗೊಮ್ಮೆ ದಾಟಿ ಬಂದವನೇ.

ಎಪ್ಪತ್ತೆಂಟರಲ್ಲಿ ಆ ಎರಡು ಕಂಪನಿಗಳೂ ಒಂದಾಗಲು ಹೊರಟವು. ಏಕಸ್ವಾಮ್ಯ ತಡೆಯಲೆಂದೇ ಒಂದು ಕಾಯ್ದೆ ಇತ್ತಲ್ಲ, ಅದರ ಪ್ರಕಾರ ಸರ್ಕಾರದ ಒಪ್ಪಿಗೆ ಬೇಕಿತ್ತು. ಬಾಡಿಗೆದಾರರ ಅಹವಾಲು ಕೇಳಲು ಅಧಿಕಾರಿ ಬರುತ್ತಾರೆಂದು ಸುದ್ದಿಯಾಯಿತು. ಎಲ್ಲರ ಪರವಾಗಿ ಮಾತಾಡಲು ಬೀದಿಯವರು ಕರಿಬಸವಯ್ಯನನ್ನೇ ಒಪ್ಪಿಸಿದರು.

"ನಿನ್ ಬಾಯಿ ಗಟ್ಟಿ ಕಣಣ್ಣ. ರಸ್ತೆ ದಾಟೋ ದಾರಿ ಒಂದು ಉಳಿಸ್ಕೊಡು, ಸಾಕು," ಎಂದಳು ಅಂಕಮ್ಮ. ಅವನ ಪಕ್ಕದ ಅರ್ಧ ಮಳಿಗೆಯಲ್ಲಿ ಪೊರಕೆ, ತೆಂಗಿನ ನಾರಿನ ಹಗ್ಗ ಮಾರುತ್ತಿದ್ದವಳು. ಗಂಡ ಸತ್ತ ಮೇಲೆ ಅವಳ ಸಂಸಾರ ನಡೆಯುತ್ತಿದ್ದದ್ದೇ ಆ ಅಂಗಡಿಯಿಂದ.

ಪ್ರವಾಸಿ ಮಂದಿರದಲ್ಲಿ ವಿಚಾರಣೆ. ಸರ್ಕಾರದ ಸಾಹೇಬರನ್ನು ನೋಡುವ ಆಸೆಗೆ ರೈತರೂ ಬಂದು ತುಂಬಿಕೊಂಡಿದ್ದರು. ವರ್ಷವರ್ಷವೂ ಕರಿಬಸವಯ್ಯನನ್ನು ನಂಬಿ ಕೊಬ್ಬರಿ ಇಳಿಸುತ್ತಿದ್ದ ನೊಣವಿನಕೆರೆಯ ಬೋರಯ್ಯ ಮುಂದಿನ ಸಾಲಿನಲ್ಲೇ ಕೂತಿದ್ದ.

"ಕಂಪನಿಗಳು ಒಂದಾದರೆ ನಿಮಗೆ ತೊಂದರೆಯೇ? ಬಾಡಿಗೆ ಏರಿದರೆ ತಾಳಿಕೊಳ್ಳುತ್ತೀರಾ?" ಎಂದರು ಅಧಿಕಾರಿ.

ಕೊಬ್ಬರಿ ವ್ಯಾಪಾರದಲ್ಲಿ ಕಷ್ಟ ಹೇಳಿಕೊಂಡವನು ಕೆಟ್ಟ. ವರ್ತಕನ ಕೈ ಬಿಗಿಯಾಗಿದೆ ಎಂಬ ಸುಳಿವು ಸಿಕ್ಕರೆ ಸಾಕು, ಮುಂದಿನ ಗಾಡಿ ಬೇರೆ ಮಂಡಿಯ ಮುಂದೆ ನಿಲ್ಲುತ್ತದೆ. ಬೋರಯ್ಯನ ಮುಖ ನೋಡಿದ್ದೇ ತಡ, ಕರಿಬಸವಯ್ಯ ಕಲಿತು ಬಂದಿದ್ದ ಮಾತೆಲ್ಲ ಬಾಯಿಗೆ ಬರುವಷ್ಟರಲ್ಲಿ ತಿರುವುಮುರುವಾಯಿತು.

"ನಮ್ಗೇನ್ ತೊಂದ್ರೆ ಸ್ವಾಮಿ? ಬಾಡಿಗೆಗೆ ಹೆದ್ರೋ ಕುಳ ಅಲ್ಲ ನಾವು. ಒಂದಾದ್ರೂ ಆಗ್ಲಿ, ಎರಡಾದ್ರೂ ಇರ್ಲಿ!"

ಬೋರಯ್ಯ ತಲೆದೂಗಿದ. ಹಿಂದಿನಿಂದ ಅಂಕಮ್ಮ ಎದ್ದಳು. "ಸ್ವಾಮೇರಾ, ನಂಗೆ ಮಾತ್ರ..."

"ಕೂತ್ಕೊಳಮ್ಮ! ಬೀದಿ ಮಾನ ಕಳೀಬೇಡ," ಎಂದು ಕರಿಬಸವಯ್ಯ ಗದರಿದ. ಅವಳು ಕೂತಳು. ಅಷ್ಟಾದ ಮೇಲೆ ತಾನು ಹೆದರುತ್ತೇನೆ ಎನ್ನುವ ಗಂಡಸು ಯಾರು? ಒಬ್ಬೊಬ್ಬರೂ ಎದ್ದು "ಅಣ್ಣ ಹೇಳಿದ್ದೇ ನಮ್ದೂವೆ" ಎಂದರು.

ಹೊರಗೆ ಕಂಪನಿಯ ಮ್ಯಾನೇಜರು ಕರಿಬಸವಯ್ಯನಿಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ. ತಾನು ಆಡಿದ್ದು ಯಾರ ಪರ ಎಂಬುದು ಆ ನಮಸ್ಕಾರ ಕಂಡಾಗಲೇ ಅವನಿಗೆ ಹೊಳೆದದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಾಪಸ್ಸು ಒಳಗೆ ಹೋಗಿ ತಿದ್ದಿ ಹೇಳಬಹುದಿತ್ತು, ಹೋಗದೆ ಅಂಗಡಿಯ ದಾರಿ ಹಿಡಿದ.

ಒಪ್ಪಿಗೆ ಸಿಕ್ಕಿತು. ಯುಗಾದಿ ಕಳೆಯುತ್ತಲೇ ಎರಡೂ ಸಾಲಿನ ಬಾಡಿಗೆ ಒಂದೇ ಸಮ ಏರಿತು. ಕರಿಬಸವಯ್ಯ ಹಲ್ಲು ಕಚ್ಚಿ ಕೊಟ್ಟ. ಅಂಕಮ್ಮ ರಸ್ತೆ ದಾಟಿ ಹೋಗಿ ಕಡಿಮೆ ಬಾಡಿಗೆಗೆ ಮಳಿಗೆ ಕೇಳಿದಳು. ಅಲ್ಲಿ ಕೂತಿದ್ದವನೂ ಈ ಸಾಲಿನ ಬಾಡಿಗೆ ವಸೂಲಿ ಮಾಡುತ್ತಿದ್ದ ಅದೇ ಗುಮಾಸ್ತ.

ಬಾಡಿಗೆ ಕಟ್ಟಲಾಗದೆ ಅವಳು ಮಳಿಗೆ ಖಾಲಿ ಮಾಡಿ ಹಗ್ಗದ ಸುರುಳಿಗಳನ್ನು ಬೀದಿಗಿಡುವುದನ್ನು ಕರಿಬಸವಯ್ಯ ನೋಡಿದ. ನಾಚಿಕೆ ಅವನನ್ನು ಒಳಗೊಳಗೇ ತಿಂದುಹಾಕುತ್ತಿತ್ತು. ಇವಳ ಬಾಯಿ ಮುಚ್ಚಿಸಿದ್ದು ನಾನೇ, ಬೇರೆ ಯಾರೂ ಅಲ್ಲ. ದಡಬಡನೆ ಎದ್ದು ಜಗಲಿಯ ಮೇಲಿದ್ದ ಕೊಬ್ಬರಿ ಚೀಲ ಪಕ್ಕಕ್ಕೆಳೆದ.

"ಇಲ್ಲೇ ಕೂತು ಮಾರ್ಕೊಳಮ್ಮ. ಯಾರೇನಂತಾರೋ ನಾನ್ ನೋಡ್ಕತೀನಿ."

ಅಂಕಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಈ ಜಗಲಿ ನಿಂದಾ, ಅಣ್ಣ?" ಎಂದಳು.

ಎದುರು ಸಾಲಿನಿಂದ ಗುಮಾಸ್ತ ಎದ್ದು ನಿಂತು ಇತ್ತಲೇ ನೋಡಿದ. ಅಂಗಡಿಯಲ್ಲಿ ಮತ್ತೊಬ್ಬರನ್ನು ಕೂರಿಸಿದರೆ ಖಾಲಿ ಮಾಡಬೇಕೆಂಬ ಕರಾರಿಗೆ ಕರಿಬಸವಯ್ಯ ರುಜು ಹಾಕಿ ಇನ್ನೂ ತಿಂಗಳಾಗಿರಲಿಲ್ಲ. ಬಿಟ್ಟರೆ ಹೋಗಲು ಬೀದಿಯಲ್ಲಿ ಬೇರೆ ಒಡೆಯರ ಮಳಿಗೆಯಿಲ್ಲ.

"ನಾಳೆ ನೋಡಾಣ ಬುಡಮ್ಮ," ಎಂದ. ಅವಳು ನೋಡುತ್ತಿರುವಾಗಲೇ ಚೀಲವನ್ನು ಮತ್ತೆ ಮೊದಲಿದ್ದ ಜಾಗಕ್ಕೆ ಎಳೆದ.