ಹೆಣಗಳಿಗೂ ಆರು ಗಂಟೆ

"ಹೆಣ ಎಲ್ಲಾದ್ರೂ ಮಿಸುಕಾಡ್ತದೇನೋ, ಬೋಳಿಮಗನೆ? ಬಿದ್ದಿರು ತೆಪ್ಪಗೆ!"

ನ್ಯಾಯಾಧೀಶ ಪ್ರೆಂಟಿಸ್ ಮುದುಕ ಟೋಬಿಯ ಬೆನ್ನ ಮೇಲೆ ಬೂಟುಗಾಲಿಟ್ಟು, ಬಾವುಟ ಹಿಡಿದು ಅಭ್ಯಾಸ ಮಾಡುತ್ತಿದ್ದ. ಅಮೆರಿಕದ ನೆವಾಡಾ ರಾಜ್ಯ ಹುಟ್ಟಿದ ಕಥೆಯ ನಾಟಕ. ಊರಿನ ಬಿಳಿಯರು ವರ್ಷವರ್ಷವೂ ಆಡುವುದು. ಗುಂಡು ಹಾರಿದೊಡನೆ ಆ ನೆಲದ ಮೂಲನಿವಾಸಿಗಳಾದ ಪಯೂಟರು ಸಾಯಬೇಕು, ಅವರ ಮೇಲೆ ಕಾಲಿಟ್ಟು ರಾಜ್ಯ ಹುಟ್ಟಬೇಕು. ಸತ್ತದ್ದಕ್ಕೆ ಒಂದು ಊಟ, ಅದೂ ಹಿತ್ತಿಲ ಮೆಟ್ಟಿಲ ಮೇಲೆ.

ಅದೇ ನ್ಯಾಯಾಧೀಶನ ಮನೆಯ ಬಟ್ಟೆ ಒಗೆಯುವ ಎಫಿ, ಟೋಬಿಯ ಮಗಳು, ಓಡಿಬಂದಳು. "ಧಣಿ, ಅಪ್ಪನ ಬೆನ್ನಿನ ಗಾಯ ಇನ್ನೂ ಹಸಿ ಐತೆ. ಅವನ ಜಾಗದಾಗೆ ನಾನು ಬೀಳ್ತೀನಿ."

"ಹೆಂಗ್ಸಿನ ಮೇಲೆ ಕಾಲಿಟ್ರೆ ಯಾರೇ ಚಪ್ಪಾಳೆ ಹೊಡೀತಾರೆ? ಹೋಗು, ನಿನ್ ಜಾಗದಲ್ಲಿ ಬಿದ್ಕೊ."

ಗಾಯ ಶೆರೀಫನ ಚಾವಟಿಯದು. ಸಂಜೆ ಆರಕ್ಕೆ ಸೈರನ್ ಕೂಗಿದ ಮೇಲೆ ಒಬ್ಬ ಪಯೂಟನೂ ಊರೊಳಗೆ ಇರಕೂಡದು, ಅದು ಕಾನೂನು. ಹೋದ ವಾರ ಟೋಬಿ ಈ ನ್ಯಾಯಾಧೀಶನ ಸೌದೆಯನ್ನೇ ಒಡೆಯುತ್ತ ಐದು ನಿಮಿಷ ತಡಮಾಡಿದ್ದ. ಶೆರೀಫ್ ಊರ ಗಡಿಯ ಸೇತುವೆಯವರೆಗೂ ಹೊಡೆದು ಅಟ್ಟಿದ್ದ. "ಆರಾದ್ಮೇಲೆ ನಿಮ್ಮ ಹೆಣನೂ ಇಲ್ಲಿರಬಾರ್ದು" ಎಂದಿದ್ದ.

ಮರುದಿನ ನಾಟಕ. ಮೇಯರನ ಭಾಷಣ ಹನುಮಂತನ ಬಾಲವಾಯಿತು. ಗುಂಡು ಹಾರುವಾಗ ಆರಕ್ಕೆ ಹತ್ತೇ ನಿಮಿಷ. ಇಪ್ಪತ್ತೆರಡು ಜನ ದೊಪ್ಪೆಂದು ಸತ್ತರು. ಬೂಟು ಸರಿಯಾಗಿ ಗಾಯದ ಮೇಲೇ ಬಿತ್ತು. ಪಕ್ಕದಲ್ಲೇ ಬಿದ್ದಿದ್ದ ಎಫಿಗೆ ಅಪ್ಪನ ಅಂಗಿ ಕೆಂಪಾಗುವುದು ಕಂಡಿತು. ಮೇಲೆ ನ್ಯಾಯಾಧೀಶ, "ಈ ಬರಡು ನೆಲಕ್ಕೆ ದೇವರನ್ನೂ ದೀಪವನ್ನೂ ತಂದವರು ನಾವು..." ಎಂದು ಶುರುಮಾಡಿದ. ಮುಗಿಸುವ ಲಕ್ಷಣವೇ ಇರಲಿಲ್ಲ.

ಸೈರನ್ ಕೂಗಿತು.

ಎಫಿ ಎದ್ದು ಕೂತಳು. "ಅಪ್ಪಾ, ಏಳು. ಆರಾತು."

"ಮ್ಯಾಲೆ ಕಾಲೈತಲ್ಲ, ಮಗಾ."

"ಇರ್ಲಿ, ಏಳು!"

ಮುದುಕ ಮೊಣಕಾಲೂರಿ ಎದ್ದ. ನ್ಯಾಯಾಧೀಶ ಬಾವುಟ ಸಮೇತ ಅಂಗಾತ ಬಿದ್ದ. ನೆರೆದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹೆಣಗಳೆಲ್ಲ ಧೂಳು ಕೊಡವಿಕೊಂಡು ಸೇತುವೆಯ ಕಡೆ ಹೊರಟವು.

ಶೆರೀಫ್ ಚಾವಟಿ ಹಿಡಿದು ಅಡ್ಡ ಬಂದ. "ಎಲ್ಲಿಗ್ರೋ ಹೊಂಟ್ರಿ? ನಾಟಕ ಮುಗಿದಿಲ್ಲ! ಬಿದ್ಕಳ್ರೋ, ಸೂಳೆಮಕ್ಳಾ!"

"ಬೀಳ್ತಿದ್ವಿ ಸ್ವಾಮಿ," ಎಂದಳು ಎಫಿ. "ಆರಾದ್ಮೇಲೆ ನಮ್ಮ ಹೆಣನೂ ಇಲ್ಲಿರಬಾರ್ದಲ್ಲ. ನೀವೇ ಅಂದಿದ್ರಿ."

ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಓಡಿಸಲು ಹೊಡೆಯಬೇಕೋ, ಓಡದಂತೆ ಹೊಡೆಯಬೇಕೋ ಅವನಿಗೇ ತಿಳಿಯಲಿಲ್ಲ. ಇಡೀ ಊರು ನೋಡುತ್ತಿತ್ತು.

ಟೋಬಿ ಅಂಗಿ ಬಿಚ್ಚಿದ. ಅದರ ಮೇಲೆ ರಕ್ತದಲ್ಲಿ ಬೂಟಿನ ಅಚ್ಚು ಒತ್ತಿಕೊಂಡಿತ್ತು. ಮಗಳ ಕೈಗೆ ಕೊಟ್ಟು, "ಇದನ್ನ ಮಾತ್ರ ಒಗೀಬ್ಯಾಡ, ಮಗಾ" ಎಂದ. ಆಮೇಲೆ ಬರಿಬೆನ್ನು ಊರಿನ ಕಡೆ ಮಾಡಿಕೊಂಡು, ನಿಧಾನವಾಗಿ ಸೇತುವೆ ದಾಟಿದ.