ಸ್ಟೀಲಿನ ಒಳಲೆ

ಸ್ಪ್ರೇ ಬಾಟಲಿ ಒತ್ತಿ ಒತ್ತಿ ಸರ್ವಮಂಗಳಮ್ಮನವರ ಮಣಿಕಟ್ಟು ಸೋತುಹೋಗಿತ್ತು. ಬಾಲ್ಕನಿಯ ಬಲೆಗೂಡಿನೊಳಗೆ, ಮನಿ ಪ್ಲಾಂಟಿನ ಬಳ್ಳಿಗಳ ನಡುವೆ ಕೊಂಬೆ ಹಿಡಿದು ಕೂತಿದ್ದ ಗೋಸುಂಬೆ ಒಂದು ಕಣ್ಣನ್ನು ಅವರ ಕಡೆಗೂ ಇನ್ನೊಂದನ್ನು ಕೆಳಗೆ ಕೋಚಿಂಗ್ ಸೆಂಟರಿನ ಮುಂದಿದ್ದ ಸ್ಕೂಟರುಗಳ ಕಡೆಗೂ ತಿರುಗಿಸಿ ಸುಮ್ಮನಿತ್ತು. ಎಲೆಗಳ ಮೇಲೆ ಹನಿಗಳು ನಿಂತಿದ್ದವು. ಅದು ಅತ್ತ ನೋಡಲೂ ಇಲ್ಲ.

“ಕುಡಿಯೋ ಪುಣ್ಯಾತ್ಮ. ಒಳಗೆ ಸಾರು ಉಕ್ತಾ ಇದೆ,” ಎಂದರು.

ಸಾರು ನಿಜಕ್ಕೂ ಉಕ್ಕಿತು. ಬಾಟಲಿಯನ್ನು ಅಲ್ಲೇ ಇಟ್ಟು ಅಡುಗೆಮನೆಗೆ ಓಡಿದರು. ಒಲೆ ಒರೆಸಿ, ಮಗಳಿಗೆ ಬಡಿಸಿ, ಮಗುವಿನ ಬಟ್ಟೆ ಒಗೆದು ಹಾಕುವ ಹೊತ್ತಿಗೆ ಗೋಸುಂಬೆಯ ನೆನಪೇ ಹಾರಿಹೋಗಿತ್ತು. ನಿನ್ನೆಯೂ ಹೀಗೇ ಆಗಿತ್ತು, ಮೊನ್ನೆಯೂ.

ತಿಪಟೂರಿನಿಂದ ಮಗಳ ಬಾಣಂತನಕ್ಕೆಂದು ವಿಶಾಖಪಟ್ಟಣಕ್ಕೆ ಬಂದವರು ಅವರು. ಪ್ರೇರಣಾಗೆ ಬ್ಯಾಂಕಿನವರು ಇಲ್ಲಿಗೆ ವರ್ಗ ಮಾಡಿದ್ದರು. ದಿನ ತುಂಬಿದ ಮೇಲೆ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ತವರೇ ಇಲ್ಲಿನ ಎಂವಿಪಿ ಕಾಲೋನಿಗೆ ಎದ್ದು ಬರಬೇಕಾಯಿತು. ಅಳಿಯ ಫಣಿ ಇರುವುದು ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂನಲ್ಲಿ, ಥರ್ಮಲ್ ಸ್ಟೇಷನ್ನಿನ ಇಂಜಿನಿಯರು. ಭಾನುವಾರ ಬೆಳಿಗ್ಗೆ ರೈಲಿಳಿದು ಬಂದರೆ ಮೊದಲು ಮಗುವಿನ ಮುಖ, ಆಮೇಲೆ ಹೆಂಡತಿಯ ಮುಖ, ಆಮೇಲೆ ಗೋಸುಂಬೆಯ ಮುಖ ನೋಡುತ್ತಿದ್ದ. ಕೆಲವು ಸಲ ಈ ಸರದಿ ಹಿಂದುಮುಂದಾಗುತ್ತದೆ ಎಂದು ಅತ್ತೆಗೆ ಅನುಮಾನವಿತ್ತು.

ಹೊರದೇಶದ ತಳಿಯಂತೆ, ಸರ್ಕಾರಕ್ಕೆ ತಿಳಿಸಿ ಸಾಕಿಕೊಂಡದ್ದಂತೆ, ಹೆಸರು ಬುಜ್ಜಿಯಂತೆ. ಮೊದಲ ದಿನ ಅದನ್ನು ನೋಡಿದಾಗ ಸರ್ವಮಂಗಳಮ್ಮನವರ ಬಾಯಿಗೆ ಬಂದ ಗಾದೆ ಒಂದೇ: “ಬೇಲೀಲಿ ಹೋಗೋ ಓತಿಕ್ಯಾತನ್ನ ಕರೆದು ಹೆಗಲ ಮೇಲೆ ಕೂರಿಸಿಕೊಂಡ್ರಂತೆ.” ಅಳಿಯನಿಗೆ ಅದು ಅರ್ಥವಾಗಲಿಲ್ಲ, ಪುಣ್ಯ. ಮಗಳು ನಕ್ಕಳು.

ಆದರೂ ನೀರಿನ ಕೆಲಸ ಅವರ ತಲೆಗೇ ಬಂತು, ಅದೂ ಅವರದೇ ಬಾಯಿಂದ. ಬಾಣಂತಿ ತಣ್ಣೀರು ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಿದವರು ಅವರೇ ತಾನೆ? ಹುಳಗಳನ್ನು ಹಾಕುವುದು ಪ್ರೇರಣಾಳಿಗೇ ಉಳಿಯಿತು. ನೀರು ಕೊಡುವುದು ಪುಣ್ಯದ ಕೆಲಸ, ಒಪ್ಪಿಕೊಂಡರು. ಫಣಿ ಮುರುಕು ಕನ್ನಡದಲ್ಲಿ ಎಲ್ಲ ಹೇಳಿಕೊಟ್ಟ. ಬಟ್ಟಲಲ್ಲಿಟ್ಟರೆ ಕುಡಿಯುವುದಿಲ್ಲ. ಎಲೆ ತೊಟ್ಟಿಕ್ಕುವ ತನಕ ಸ್ಪ್ರೇ ಮಾಡಬೇಕು, ಬೆಳಿಗ್ಗೆ, ಸಂಜೆ. ಆಮೇಲೆ ಪಕ್ಕಕ್ಕೆ ಸರಿಯಬೇಕು, ನೋಡುತ್ತಾ ನಿಂತರೆ ಕುಡಿಯುವುದಿಲ್ಲ. ಬಾಯಿಗೆ ಮಾತ್ರ ನೀರು ಹಾಕಬೇಡಿ.

ಮದುವೆಯಲ್ಲಿ ಬೀಗರಿಗೂ ಇಷ್ಟು ಉಪಚಾರ ಮಾಡಿರಲಿಲ್ಲ ಎಂದುಕೊಂಡರು ಅವರು.

ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ಅವರಿಗೆ ಗೊತ್ತಿದ್ದದ್ದು ಯಾವುದೂ ಬೇಕಾಗಿರಲಿಲ್ಲ. ಮಗುವಿಗೆ ಸಾಂಬ್ರಾಣಿ ಹೊಗೆ ಬೇಡ, ಮೂಗಿಗೆ ಎಣ್ಣೆ ಬೇಡ, ಬಜೆ ಬೇಡವೇ ಬೇಡ. ಒಂದೊಂದಕ್ಕೂ ಪ್ರೇರಣಾ ಫೋನು ತೆಗೆದು ಓದಿ ತೋರಿಸುತ್ತಿದ್ದಳು. ಉಳಿದದ್ದು ಒಳಲೆ ಒಂದೇ. ಹಕ್ಕಿ ಕೊಕ್ಕಿನಂಥ ಮೂತಿಯಿರುವ ಆ ಪುಟ್ಟ ಬೆಳ್ಳಿ ಬಟ್ಟಲಲ್ಲೇ ಅವರು ಪ್ರೇರಣಾಗೂ ಹಾಲು ಹಾಕಿದ್ದರು. ಮಗು ಹುಟ್ಟುವಾಗ ತೂಕ ಕಡಿಮೆ, ಎದೆ ಚೀಪಲು ಶಕ್ತಿ ಸಾಲದು, ಹಾಲು ಹಿಂಡಿ ಕುಡಿಸಿ ಎಂದಾಗ ಅವರು ಚೀಲದಿಂದ ಒಳಲೆ ತೆಗೆದರು. ಆಸ್ಪತ್ರೆಯ ನರ್ಸು ಅವರ ಕೈಯನ್ನೇ ನೋಡುತ್ತಿದ್ದು ತೆಲುಗಿನಲ್ಲಿ ಏನೋ ಅಂದಳು. “ಅಜ್ಜಿ ಕೈ ಚೆನ್ನಾಗಿದೆ, ಅವರೇ ಹಾಕಲಿ ಅಂತಾರೆ ಅಮ್ಮ,” ಎಂದು ಮಗಳು ಹೇಳಿದಾಗ ಅವರಿಗೆ ಅಳು ಬಂದಿತ್ತು. ಅಂದಿನಿಂದ ಹೊತ್ತು ಹೊತ್ತಿಗೆ ಹಾಲು ಹಾಕುವುದು ಅವರ ಕೆಲಸ. ಬೆನ್ನು ಬಿದ್ದುಹೋದರೂ ಅದನ್ನು ಬಿಟ್ಟುಕೊಡುತ್ತಿರಲಿಲ್ಲ.

ಆ ಮಧ್ಯಾಹ್ನ ಮಗಳು ಮೊಮ್ಮಗಳು ಇಬ್ಬರೂ ಮಲಗಿದ ಮೇಲೆ ಒಣಗಿದ ಬಟ್ಟೆ ತೆಗೆಯಲು ಬಾಲ್ಕನಿಗೆ ಬಂದವರು ಗೂಡಿನ ಮುಂದೆ ನಿಂತುಬಿಟ್ಟರು. ಬುಜ್ಜಿಯ ಕಣ್ಣುಗಳು ಒಳಕ್ಕೆ ಹೋಗಿದ್ದವು. ಪಕ್ಕೆಯ ಚರ್ಮ ಸಡಿಲವಾಗಿ ಮಡಿಕೆ ಬಿದ್ದಿತ್ತು. ಬೆಳಗಿನ ಹನಿಗಳು ಸಮುದ್ರದ ಬಿಸಿಗಾಳಿಗೆ ಎಂದೋ ಆರಿಹೋಗಿದ್ದವು.

“ಅಯ್ಯೋ, ಬಾಯಾರಿದೆಯಲ್ಲೋ ನಿಂಗೆ,” ಎಂದರು. ಮೂರು ದಿನ ನಾಲ್ಕು ಹನಿ ಚಿಮುಕಿಸಿ ಓಡಿದ್ದು ನೆನಪಾಯಿತು. ಸ್ಪ್ರೇ ಬಾಟಲಿ ಕೈಗೆತ್ತಿಕೊಂಡರು. ಮಣಿಕಟ್ಟು ಮೊದಲ ಒತ್ತಿಗೇ ಆಗದು ಎಂದಿತು. ಜೊತೆಗೊಂದು ಇರಲಿ ಎಂದು ತಿಪಟೂರಿನ ಪಾತ್ರೆ ಅಂಗಡಿಯಲ್ಲಿ ಕೊಂಡು ತಂದ ಸ್ಟೀಲಿನ ಒಳಲೆ ಚೀಲದ ತಳದಲ್ಲಿ ಹಾಗೇ ಇತ್ತು. ಬಾಯಿಗೆ ಹಾಕಬಾರದೆಂದು ಅಳಿಯ ಹೇಳಿದ್ದು ಮರೆತಿರಲಿಲ್ಲ. ಹಾಕಲು ಬರದವರಿಗೆ ಹೇಳುವ ಮಾತು ಅದು ಎಂದುಕೊಂಡರು. ಈ ಕೈ ಎಷ್ಟು ಕೂಸುಗಳ ಬಾಯಿಗೆ ಹಾಕಿಲ್ಲ?

ಒಳಲೆಗೆ ನೀರು ತುಂಬಿಕೊಂಡು, ಗೂಡಿನ ಬಾಗಿಲು ತೆರೆದು ಅವರು ಹತ್ತಿರ ಹೋದೊಡನೆ ಗೋಸುಂಬೆ ಬುಸ್ಸೆಂದು ಬಾಯಿ ತೆರೆಯಿತು. ತೆರೆದ ಬಾಯಿ ಕಂಡರೆ ಒಳಲೆ ಹಿಡಿದ ಕೈ ಸುಮ್ಮನಿರುತ್ತದೆಯೇ? ಸುರಿದರು.

ಗೊರಕೆಯಂಥ ಸಣ್ಣ ಸದ್ದು ಬಂತು. ಮೂಗಿನ ಎರಡೂ ತೂತುಗಳಲ್ಲಿ ನೀರಿನ ಗುಳ್ಳೆ ಎದ್ದಿತು. ಹಸಿರು ಮೈ ನೋಡನೋಡುತ್ತಲೇ ಕಪ್ಪಾಗಿ, ಕತ್ತು ಮೇಲೆತ್ತಿ ಬಾಯಿ ಕಳೆದು ಉಸಿರಿಗಾಗಿ ಒದ್ದಾಡತೊಡಗಿತು. ಕೂಸಿಗೆ ನೆತ್ತಿ ಹತ್ತಿದಾಗ ಬರುವ ಸದ್ದು ಅವರಿಗೆ ಗೊತ್ತಿತ್ತು. ಇದೂ ಅದೇ. ಒಳಲೆಯನ್ನು ತುಳಸಿ ಕುಂಡದ ಹಿಂದೆ ಎಸೆದು, ಫೋನು ಹುಡುಕಿದರು. ಅಳಿಯನಿಗೆ ಅವರು ತಾವಾಗಿ ಫೋನು ಮಾಡಿದ್ದು ಅದೇ ಮೊದಲು.

“ಅತ್ತಯ್ಯಗಾರೂ? ಪಾಪಗೆ ಏನಾಯ್ತು?” ಹಿಂದೆ ಯಂತ್ರಗಳ ಮೊರೆತ.

“ಪಾಪು ಚೆನ್ನಾಗಿದೆ. ನಿಮ್ಮ ಬುಜ್ಜಿಗೆ… ನಾನು ಒಳಲೇಲಿ ನೀರು ಹಾಕಿಬಿಟ್ಟೆ. ಬಾಯಿಗೆ. ಮೂಗಲ್ಲಿ ಬಂತು.”

ಫಣಿ ಎಲ್ಲೋ ಬಾಗಿಲು ಹಾಕಿಕೊಂಡ, ಮೊರೆತ ತಗ್ಗಿತು. “ಕಂಗಾರು ಪಡಕಂಡಿ, ಗಾಬರಿ ಆಗ್ಬೇಡಿ. ಹಿಡ್ಕೋಬೇಡಿ ಅದನ್ನ, ಕೊಂಬೆ ಮೇಲೆ ಬಿಟ್ಟುಬಿಡಿ. ಮತ್ತೆ ನೀರು ಹಾಕಬೇಡಿ. ಪ್ರಾಣಿ ಡಾಕ್ಟರಿಗೆ ನಾನು ಫೋನ್ ಮಾಡ್ತೇನೆ. ಬಾಯಿ ಮುಚ್ಚಿ ಉಸಿರಾಡಿದರೆ ಪರವಾಗಿಲ್ಲ. ಬಿಸಿಲು ಇಳಿದ ಮೇಲೆ ಎಲೆಗೆ ಸ್ಪ್ರೇ ಮಾಡಿ, ಉಗುರುಬೆಚ್ಚಗೆ. ತಾನಾಗಿ ಕುಡಿದರೆ ಬದುಕುತ್ತೆ.”

“ಕುಡೀದೇ ಇದ್ರೆ?”

“ಅತ್ತಯ್ಯಗಾರು,” ಎಂದ ಫಣಿ, ತಗ್ಗಿದ ದನಿಯಲ್ಲಿ. “ಬುಜ್ಜಿ ನನಗೆ ಎರಡನೇದು. ಮೊದಲನೇದಕ್ಕೆ ನಾನೇ ಸಿರಿಂಜಲ್ಲಿ ಹಾಕಿದ್ದೆ, ಬಾಯಿಗೆ. ಉಳೀಲಿಲ್ಲ. ವಯಸ್ಸಾಗಿತ್ತು ಅಂತ ಪ್ರೇರಣಾಗೆ ಹೇಳಿದ್ದೇನೆ.” ಆಮೇಲೆ, “ಇದನ್ನೂ ನಾನು ಹೇಳೋದಿಲ್ಲ,” ಎಂದ.

ಹೇಳಬೇಡಿ ಎಂದು ಅವರು ಕೇಳಿಕೊಂಡಿರಲಿಲ್ಲ. ಕೇಳಲು ಬಾಯಿಯೂ ಬರುತ್ತಿರಲಿಲ್ಲ. ಹೇಳದಿದ್ದರೆ ಸಾಕು ಎಂದು ಮನಸ್ಸು ಬೇಡುತ್ತಿದ್ದುದಂತೂ ನಿಜ. ಮಗಳಿಗೆ ಇದು ಗೊತ್ತಾದರೆ ಬೆಳ್ಳಿ ಒಳಲೆಯೂ ಹೋಯಿತು. ಇಲ್ಲಿ ಅವರಿಗೆ ಮಿಕ್ಕುವುದು ಒಲೆ ಮತ್ತು ಬಟ್ಟೆ ಒಗೆಯುವ ಕಲ್ಲು. ಕಲ್ಲೂ ಇಲ್ಲ, ಮೆಷಿನ್ನು.

ಅರ್ಧ ಗಂಟೆಯಲ್ಲಿ ಬುಜ್ಜಿ ಬಾಯಿ ಮುಚ್ಚಿತು. ತಲೆ ಕೆಳಗೆ ಮಾಡಿ ಕೊಂಬೆಗೆ ಅಂಟಿಕೊಂಡಿತು. ಕಪ್ಪು ಹೋಗಲಿಲ್ಲ. ಫಣಿ ಮತ್ತೆ ಫೋನು ಮಾಡಿ, ಸಂಜೆವರೆಗೆ ನೋಡಿ, ಬಾಯಿ ತೆರೆದರೆ ಕೂಡಲೇ ಆಟೋ ಮಾಡಿ ಕರೆತನ್ನಿ ಎಂದು ಡಾಕ್ಟರು ಹೇಳಿದರೆಂದ.

ಅಷ್ಟರಲ್ಲಿ ಮಗುವಿನ ಹಾಲಿನ ಹೊತ್ತು. ಸರ್ವಮಂಗಳಮ್ಮ ಎಂದಿನಂತೆ ಕಾಲು ಚಾಚಿ ಕೂತು ಮೊಮ್ಮಗಳನ್ನು ಮಲಗಿಸಿಕೊಂಡರು. ಬೆಳ್ಳಿ ಒಳಲೆ ಎತ್ತಿದರು. ಕೂಸು ಅಳಲೆಂದು ಬಾಯಿ ತೆರೆಯಿತು. ಪುಟ್ಟ ಮೂಗಿನ ತೂತುಗಳು ಕಂಡವು. ಕೈ ಅಲ್ಲೇ ನಿಂತಿತು.

“ಯಾಕಮ್ಮ?” ಎಂದಳು ಪ್ರೇರಣಾ.

“ಕೈ ನೋಯ್ತಾ ಇದೆ ಕಣೆ. ಇವತ್ತು ನೀನೇ ಹಾಕು.”

ಪ್ರೇರಣಾ ಹಾಕಿದಳು. ಅರ್ಧ ಹಾಲು ಮಗುವಿನ ಕತ್ತಿಗಿಳಿಯಿತು. ಅಮ್ಮ ಗೋಡೆ ಕಡೆ ನೋಡುತ್ತಾ ಕೂತಿದ್ದರು. ತಮಗೆ ಅಷ್ಟೊಂದು ವಯಸ್ಸಾಗಿದೆಯೆಂದು ಅವರಿಗೆ ಅದುವರೆಗೆ ಅನ್ನಿಸಿರಲಿಲ್ಲ.

ಬಿಸಿಲು ಇಳಿದ ಮೇಲೆ ನೀರು ಬೆಚ್ಚಗೆ ಮಾಡಿ ಬಾಟಲಿಗೆ ತುಂಬಿಕೊಂಡು ಬಾಲ್ಕನಿಗೆ ಹೋದರು. ಬಲಗೈ ಸೋತಾಗ ಎಡಗೈ, ಎಡಗೈ ಸೋತಾಗ ಎರಡೂ ಕೈ. ಒಳಗೆ ಕುಕ್ಕರು ಕೂಗಿತು, ಕೂಗಲಿ ಎಂದು ಬಿಟ್ಟರು. ಎಲೆಯಿಂದ ಎಲೆಗೆ ನೀರು ತೊಟ್ಟಿಕ್ಕತೊಡಗಿದ ಮೇಲೆ ಸ್ಟೂಲು ಎಳೆದುಕೊಂಡು ಗೂಡಿಗೆ ಬೆನ್ನು ಹಾಕಿ ಕೂತರು. ಎದುರಿಗೆ ಬಾಲ್ಕನಿಯ ಗಾಜಿನ ಬಾಗಿಲು. ಅದರಲ್ಲಿ ಗೂಡು ಮಸುಕಾಗಿ ಕಾಣುತ್ತಿತ್ತು.

ಪ್ರೇರಣಾ ಕುಕ್ಕರು ಇಳಿಸಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದಳು. “ಏನಮ್ಮ, ಹೀಗೆ ತಿರುಗಿ ಕೂತಿದೀಯ?” ಎನ್ನುತ್ತಲೇ ತುಳಸಿ ಕುಂಡದ ಹಿಂದೆ ಏನೋ ಹೊಳೆದದ್ದು ಕಂಡು ಬಗ್ಗಿದಳು. ಸ್ಟೀಲಿನ ಒಳಲೆ ಅವಳ ಕೈಯಲ್ಲಿತ್ತು. ಒಳಲೆ ನೋಡಿದಳು, ಗೂಡು ನೋಡಿದಳು, ಅಮ್ಮನನ್ನು ನೋಡಿದಳು.

ಸುಳ್ಳು ಹೇಳುವಷ್ಟು ಶಕ್ತಿ ಸರ್ವಮಂಗಳಮ್ಮನವರಲ್ಲಿ ಉಳಿದಿರಲಿಲ್ಲ. “ಬಾಯಾರಿತ್ತು ಕಣೆ. ನಾನೇ ಸರಿಯಾಗಿ ನೀರು ಕೊಟ್ಟಿರಲಿಲ್ಲ. ಇದರಲ್ಲಿ ಹಾಕಿದೆ. ನೆತ್ತಿ ಹತ್ತಿತು. ಈಗ ತಾನಾಗಿ ಕುಡಿದರೆ ಉಳಿಯುತ್ತಂತೆ, ಇಲ್ಲದಿದ್ರೆ ಇಲ್ಲ.”

“ಫಣಿಗೆ ಗೊತ್ತಾ?”

“ನಾನೇ ಹೇಳಿದೆ.”

“ಅವನು ಅಷ್ಟು ಸಲ ಬೇಡ ಅಂದಿದ್ದ. ಬುಜ್ಜಿ ವಿಷಯದಲ್ಲಿ ಅವನು ಎಷ್ಟು ಹುಷಾರು ಗೊತ್ತಾ? ಮೊದಲನೇದನ್ನೂ ಅದಕ್ಕೆ ವಯಸ್ಸಾಗಿ ಹೋಗೋ ತನಕ ಮಗೂ ಹಾಗೆ ನೋಡ್ಕೊಂಡ.”

ಅಮ್ಮ ಸ್ಪ್ರೇ ಬಾಟಲಿಯ ಮುಚ್ಚಳ ಬಿಗಿ ಮಾಡಿದರು. “ಹೌದು ತಾಯಿ, ಹುಷಾರು ಮನುಷ್ಯ,” ಎಂದರು.

ಪ್ರೇರಣಾ ಇನ್ನೇನೋ ಹೇಳುವುದರಲ್ಲಿದ್ದಳು. ಅಮ್ಮ ಬೆರಳೆತ್ತಿ ಗಾಜನ್ನು ತೋರಿಸಿದರು. ಗಾಜಿನೊಳಗೆ ಕಪ್ಪು ತಲೆಯೊಂದು ನಿಧಾನಕ್ಕೆ ಮುಂದೆ ಬಂತು. ನಿಂತಿತು. ಇನ್ನೊಂದು ಹೆಜ್ಜೆ ಬಂತು. ಒಂದು ಎಲೆಯ ತುದಿಗೆ ಬಾಯಿ ಇಟ್ಟು ದವಡೆ ಆಡಿಸಿತು. ಮತ್ತೆ ಆಡಿಸಿತು. ತಾಯಿ ಮಗಳು ಗಾಜನ್ನೇ ನೋಡುತ್ತಿದ್ದರು. ಅದು ಆ ಎಲೆ ಮುಗಿಸಿ ಪಕ್ಕದ ಎಲೆಗೆ ಹೋಯಿತು. ಸರ್ವಮಂಗಳಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಬೆನ್ನು ಮಾತ್ರ ತಿರುಗಿಸಲಿಲ್ಲ.

ಹೆಗಲ ಮೇಲಿನ ಮಗು ಎದ್ದು ರಾಗ ತೆಗೆಯಿತು. ಪ್ರೇರಣಾ ಒಳಗೆ ಹೋಗಿ, ಸೋಪಿನಲ್ಲಿ ಕೈ ತೊಳೆದು, ಹಾಲು ತುಂಬಿದ ಬೆಳ್ಳಿ ಒಳಲೆ ತಂದಳು. ಅಮ್ಮ ಅದನ್ನು ನೋಡಿ ಕೈ ಹಿಂದಕ್ಕೆಳೆದುಕೊಂಡರು.

“ಬೇಡ ಕಣೆ. ಕೈ ನಡುಗ್ತದೆ.”

“ನಡುಗಿದ್ರೆ ನಿಧಾನಕ್ಕೆ ಹಾಕು,” ಎಂದಳು ಮಗಳು. “ನಾನು ಹಾಕಿದ್ದು ನೋಡಲಿಲ್ವಾ? ಅರ್ಧ ಕತ್ತಿಗೆ ಹೋಯ್ತು. ಮೊದಲು ಕೈ ತೊಳ್ಕೊಂಡು ಬಾ.”

ಅವರು ಕೈ ತೊಳೆದು ಬಂದು, ನಡುಮನೆಯ ನೆಲದ ಮೇಲೆ ಕಾಲು ಚಾಚಿ, ಮೊಮ್ಮಗಳ ತಲೆಯನ್ನು ಎಂದಿಗಿಂತ ಸ್ವಲ್ಪ ಎತ್ತರಕ್ಕೆ ಇಟ್ಟುಕೊಂಡರು. ಒಳಲೆಯ ಮೂತಿಯನ್ನು ಕೆಳತುಟಿಯ ಮೇಲಿಟ್ಟರು, ಸುರಿಯಲಿಲ್ಲ. ಇಟ್ಟು, ಮುಖ ತಿರುಗಿಸಿ ಕಿಟಕಿಯ ಕಡೆ ನೋಡುತ್ತಾ ಕಾದರು.

ಪ್ರೇರಣಾ ಸ್ವಲ್ಪ ಹೊತ್ತು ನೋಡಿದಳು.

“ಅಮ್ಮ,” ಎಂದಳು, “ಇವಳನ್ನ ನೋಡಬಹುದು.”

ಅವರು ನಿಧಾನಕ್ಕೆ ತಿರುಗಿದರು. ಪುಟ್ಟ ನಾಲಿಗೆ ತುಟಿ ದಾಟಿ ಬಂದು, ಬೆಳ್ಳಿಯ ಅಂಚು ಮುಟ್ಟಿ, ಒಂದು ಹನಿ ತೆಗೆದುಕೊಂಡು ಒಳಗೆ ಹೋಯಿತು. ಮತ್ತೆ ಬಂತು.